ನೀರಿಗಾಗಿ ಹೋರಾಡಿದವರು ಪಾಲಿಕೆ ಸದಸ್ಯರಾದರೆ ಏನಾಗುತ್ತದೆ? ಬಳ್ಳಾರಿಯಿಂದ ಒಂದು ಪ್ರಶ್ನೆ

ಪ್ರಶ್ನೆ (ಕೌಲ್ ಬಜಾರ್ ನಿವಾಸಿ, ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಯವರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವರು ಹನ್ನೆರಡು ವರ್ಷಗಳಿಂದ ನಮ್ಮ ಓಣಿಯ ನಳದ ನೀರಿಗಾಗಿ ಓಡಾಡುತ್ತಿದ್ದಾರೆ. ನೀರು ಬಂದ ದಿನ, ನೀರಗಂಟಿ ವಾಲ್ವ್ ತಿರುಗಿಸಿದ ಹೊತ್ತು, ನೀರು ನಿಂತ ಹೊತ್ತು, ಓಣಿಯ ಕೊನೆಯ ಮನೆಗೆ ಎಷ್ಟು ಕೊಡ ಸಿಕ್ಕಿತು ಎಂಬುದನ್ನೆಲ್ಲ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಂಥ ಆರು ಪುಸ್ತಕಗಳು ನಮ್ಮ ಮನೆಯ ಅಟ್ಟದಲ್ಲಿವೆ. ಒಮ್ಮೆ ಕಚೇರಿಯೊಂದರಲ್ಲಿ ಎಂಜಿನಿಯರೊಬ್ಬರು ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಿದ್ದೇವೆ ಎಂದು ಖಚಿತವಾಗಿ ಹೇಳಿದಾಗ, ಅತ್ತಿಗೆಯವರು ಪುಸ್ತಕ ತೆರೆದು, ಆ ತಿಂಗಳಲ್ಲಿ ಮೂರೇ ಸಲ ನೀರು ಬಂದಿದ್ದನ್ನು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತೋರಿಸಿದರು. ನಮ್ಮ ಓಣಿಗೆ ಬೇರೆ ಪೈಪು ಬಂದದ್ದು ಅದಾದ ಮೇಲೆಯೇ.

ಮುಂದಿನ ಪಾಲಿಕೆ ಚುನಾವಣೆಗೆ ಅವರೇ ನಿಲ್ಲಬೇಕೆಂದು ಓಣಿಯವರು ಈಗ ಒತ್ತಾಯಿಸುತ್ತಿದ್ದಾರೆ. ನಮ್ಮ ಅಣ್ಣನಿಗೆ ಇದು ಇಷ್ಟವಿಲ್ಲ; ಗೆದ್ದವರೆಲ್ಲ ಬದಲಾಗಿಬಿಡುತ್ತಾರೆ ಎಂಬುದು ಅವನ ಭಯ. ಅತ್ತಿಗೆಯವರ ಪ್ರಶ್ನೆಯೇ ಬೇರೆ: "ನಾನು ಒಳಗೆ ಹೋದ ಮೇಲೆ ಪುಸ್ತಕ ಬರೆಯುವವರು ಯಾರು?" ಪಾಲಿಕೆ ಸದಸ್ಯರಿಗೆ ನಿಜವಾಗಿ ಎಷ್ಟು ಅಧಿಕಾರವಿದೆ? ಹೋರಾಟದಿಂದ ಬಂದು ಸದಸ್ಯರಾದವರು ಹೋರಾಟವನ್ನು ಉಳಿಸಿಕೊಂಡ ಉದಾಹರಣೆಗಳು ಇವೆಯೇ?

ಉತ್ತರ 1 (ನಿವೃತ್ತ ಪಾಲಿಕೆ ನೌಕರ, ಬಳ್ಳಾರಿ)

ಮೊದಲನೆಯ ಪ್ರಶ್ನೆಗೆ ನಾನು ಕಂಡಂತೆ ಉತ್ತರಿಸುತ್ತೇನೆ. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದ ಪ್ರಕಾರ ಆಡಳಿತ ನಡೆಸುವವರು ಸರ್ಕಾರ ನೇಮಿಸಿದ ಆಯುಕ್ತರೇ ಹೊರತು ಸದಸ್ಯರಲ್ಲ. ಒಬ್ಬ ಸದಸ್ಯರು ತಾವಾಗಿ ಒಂದು ನಳವನ್ನೂ ಮಂಜೂರು ಮಾಡಲಾರರು, ಒಂದು ಬಿಲ್ಲನ್ನೂ ಪಾಸು ಮಾಡಲಾರರು. ಗೆದ್ದು ಬಂದ ಹೊಸಬರು ಮೊದಲ ಆರು ತಿಂಗಳಲ್ಲಿ ಎದೆಗುಂದುವುದು ಇದೇ ಕಾರಣಕ್ಕೆ. ಓಣಿಯವರು ಅವರನ್ನು ಸಾಹುಕಾರರೆಂದು ತಿಳಿದಿರುತ್ತಾರೆ, ಕಚೇರಿಯಲ್ಲಿ ಅವರು ಅರ್ಜಿದಾರರಂತೆ ಕಾಯುತ್ತಿರುತ್ತಾರೆ.

ಹಾಗೆಂದು ಅವರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಸಾಮಾನ್ಯ ಸಭೆಯಲ್ಲಿ ಕೇಳಿದ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಏರುತ್ತದೆ, ಅಧಿಕಾರಿ ಕೊಟ್ಟ ಉತ್ತರವೂ ಏರುತ್ತದೆ. ಒಮ್ಮೆ ಬರಹದಲ್ಲಿ ಸಿಕ್ಕಿಬಿದ್ದ ಉತ್ತರವನ್ನು ಆರು ತಿಂಗಳ ಮೇಲೆ ಮತ್ತೆ ಎದುರಿಗಿಟ್ಟು ಕೇಳಬಹುದು. ಬಾಯಿಮಾತಿನಲ್ಲಿ ಜಗಳವಾಡಿ ಮರೆತುಬಿಡುವ ಸದಸ್ಯರಿಗಿಂತ, ಎರಡು ಸಾಲು ಬರೆಸಿ ನಡಾವಳಿಯ ಪ್ರತಿ ಕೇಳುವ ಸದಸ್ಯರ ಬಗ್ಗೆ ಕಚೇರಿಯಲ್ಲಿ ಹೆಚ್ಚು ಎಚ್ಚರಿಕೆ ಇರುತ್ತಿದ್ದುದನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ. ನಿಮ್ಮ ಅತ್ತಿಗೆಯವರಿಗೆ ಆ ಅಭ್ಯಾಸ ಈಗಾಗಲೇ ಇದೆ.

ಇನ್ನೊಂದು ಅನುದಾನದ ವಿಷಯ. ನಗರ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರಷ್ಟು ಹಣವನ್ನು ಮೀಸಲಿಡಬೇಕು. ಈ ಹಣ ಯಾವ ಓಣಿಗೆ ಹೋಯಿತು, ಎಷ್ಟು ಉಳಿಯಿತು ಎಂದು ಬಿಡದೆ ಕೇಳುವ ಸದಸ್ಯರು ಒಬ್ಬಿಬ್ಬರಿದ್ದರೂ ಕಡತಗಳು ಕದಲುತ್ತವೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಎಲ್ಲರೂ ಬಯಸುವುದು ಮೊದಲನೆಯದನ್ನು. ಹೋರಾಟದಿಂದ ಬಂದವರು ಲೆಕ್ಕಪತ್ರ ಸಮಿತಿಯನ್ನು ಕೇಳಿ ಪಡೆಯಬೇಕೆಂಬುದು ನನ್ನ ಸಲಹೆ. ಅಲ್ಲಿ ಯಾರೂ ಹಾರ ಹಾಕುವುದಿಲ್ಲ, ಆದರೆ ಲೆಕ್ಕ ಪರಿಶೋಧನೆಯ ಆಕ್ಷೇಪಣೆಗಳು ಬರುವುದು ಅಲ್ಲಿಗೇ.

ಇನ್ನು ವಾರ್ಡ್ ಸಮಿತಿ, ಅಂದರೆ ಸದಸ್ಯರ ಜೊತೆ ವಾರ್ಡಿನ ನಿವಾಸಿಗಳೂ ಕೂಡುವ ಸಮಿತಿ. ಸಂವಿಧಾನದ 74ನೆಯ ತಿದ್ದುಪಡಿಯಂತೆ 3 ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ಬಳ್ಳಾರಿಯ ಜನಸಂಖ್ಯೆ 2011ರ ಗಣತಿಯಲ್ಲಿಯೇ 4 ಲಕ್ಷ ದಾಟಿತ್ತು. ಈ ಸಮಿತಿ ಕಾಗದದ ಮೇಲಷ್ಟೇ ಉಳಿಯದೆ ನಿಜವಾಗಿ ಕೂಡುವಂತೆ ನೋಡಿಕೊಂಡರೆ, ಪುಸ್ತಕ ಬರೆಯುವವರು ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಉತ್ತರ 2 (ಸಿರುಗುಪ್ಪದವನು, ಹಿಂದೆ ಮುಂಬಯಿಯ ಗೋರೆಗಾಂವ್‌ನಲ್ಲಿ ಇದ್ದವನು)

ಉದಾಹರಣೆ ಕೇಳಿದ್ದೀರಿ. ದುಡಿಯಲು ಮುಂಬಯಿಗೆ ಹೋಗಿ ಇಪ್ಪತ್ತು ವರ್ಷ ಗೋರೆಗಾಂವ್‌ನಲ್ಲಿದ್ದ ನನಗೆ ಮೊದಲು ನೆನಪಾಗುವುದು ಮೃಣಾಲ್ ಗೋರೆಯವರ ಹೆಸರು. ನಾನಿದ್ದ ಚಾಳಿನ ಹಿರಿಯ ಹೆಂಗಸರು ಅವರನ್ನು ಮೃಣಾಲತಾಯಿ ಎಂದೇ ಕರೆಯುತ್ತಿದ್ದರು, ಊರಿಗೆಲ್ಲ ಅವರು "ಪಾಣಿವಾಲಿ ಬಾಯಿ", ಅಂದರೆ ನೀರಿನ ಹೆಂಗಸು.

1928ರಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ಸಮಾಜವಾದಿ ಚಳವಳಿಗೆ ಬಂದರು. 1953ರಲ್ಲಿ, ಗೋರೆಗಾಂವ್ ಇನ್ನೂ ಗ್ರಾಮ ಪಂಚಾಯಿತಿಯಾಗಿದ್ದಾಗ, ಅದರ ಸದಸ್ಯೆಯಾದರು. 1958ರಲ್ಲಿ ಪತಿ ಕೇಶವ ಗೋರೆಯವರು ತೀರಿಕೊಂಡರು. ಮನೆಯಲ್ಲಿ ಚಿಕ್ಕ ಮಗಳಿದ್ದಳು. 1961ರಲ್ಲಿ ಮುಂಬಯಿ ಮಹಾನಗರ ಪಾಲಿಕೆಗೆ ಗೆದ್ದು ಬಂದರು. ಅವರು ಅಲ್ಲಿ ಹಿಡಿದ ಪಟ್ಟು ನೀರಿನದು. ಜೋಪಡಿಯಲ್ಲಿ ಇರುವವರ ಮನೆ ಅಧಿಕೃತವೋ ಅನಧಿಕೃತವೋ ಎಂಬ ವಾದ ಬೇರೆ, ಮನುಷ್ಯರಾದ ಮೇಲೆ ಅವರಿಗೆ ಕುಡಿಯುವ ನೀರು ಸಿಗಲೇಬೇಕು ಎಂಬುದು ಅವರ ನಿಲುವು. ಇಂದು ಇದು ಸಹಜವಾದ ಮಾತೆನಿಸುತ್ತದೆ, ಅಂದು ಹಾಗಿರಲಿಲ್ಲ.

ನಿಮ್ಮ ಅತ್ತಿಗೆಯವರ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ ಎಂದು ನನಗನಿಸುತ್ತದೆ. ಪಾಲಿಕೆಯೊಳಗೆ ಕಾಲಿಟ್ಟ ಮೇಲೂ ಮೃಣಾಲತಾಯಿಯವರು ಬೀದಿಯನ್ನು ಬಿಡಲಿಲ್ಲ. 1972ರ ಸುಮಾರಿಗೆ ಬೆಲೆ ಏರಿಕೆಯ ವಿರುದ್ಧ ನಡೆದ ಮಹಿಳೆಯರ ಹೋರಾಟವನ್ನು ಕಮ್ಯುನಿಸ್ಟ್ ನಾಯಕಿ ಅಹಿಲ್ಯಾ ರಾಂಗಣೇಕರ್ ಮೊದಲಾದವರೊಡನೆ ಸೇರಿ ಮುನ್ನಡೆಸಿದರು. ಪಕ್ಷ ಬೇರೆ ಬೇರೆಯಾಗಿದ್ದರೂ ಹೆಂಗಸರು ಒಂದೇ ಮೆರವಣಿಗೆಯಲ್ಲಿ ಕೈಯಲ್ಲಿ ಲಟ್ಟಣಿಗೆ ಹಿಡಿದು, ತಾಟು ಬಡಿಯುತ್ತ ನಡೆದರು. ಅದೇ ವರ್ಷ ವಿಧಾನಸಭೆಗೆ ಆಯ್ಕೆಯಾದರು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡು, 1977ರಲ್ಲಿ ಲೋಕಸಭೆಗೆ ಗೆದ್ದರು. ಆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಸೋತಿದ್ದರಿಂದ, "ನೀರಿನ ಬಾಯಿ ದಿಲ್ಲಿಗೆ, ದಿಲ್ಲಿಯ ಬಾಯಿ ನೀರಿಗೆ" ಎಂಬ ಅರ್ಥದ ಮರಾಠಿ ಘೋಷಣೆ ಮುಂಬಯಿಯಲ್ಲೆಲ್ಲ ಮೊಳಗಿತಂತೆ.

ಮುಂದೆ ಮತ್ತೆ ವಿಧಾನಸಭೆಗೆ ಬಂದು, ಗರ್ಭದಲ್ಲೇ ಹೆಣ್ಣೋ ಗಂಡೋ ಎಂದು ಪತ್ತೆ ಹಚ್ಚುವುದನ್ನು ತಡೆಯಲು 1986ರಲ್ಲಿ ಖಾಸಗಿ ಮಸೂದೆ ತಂದರು. 1988ರಲ್ಲಿ ಮಹಾರಾಷ್ಟ್ರ ಈ ಬಗ್ಗೆ ಕಾನೂನು ಮಾಡಿತು, ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 1994ರಲ್ಲಿ. ಕಡಿಮೆ ಆದಾಯದವರಿಗೆ ಗೋರೆಗಾಂವ್ ಬಳಿಯ ದಿಂಡೋಶಿಯಲ್ಲಿ ಸಾವಿರಾರು ಮನೆಗಳು ಎದ್ದು ನಿಂತದ್ದರ ಹಿಂದೆಯೂ ಅವರ ವರ್ಷಗಟ್ಟಲೆಯ ಜಗಳವಿದೆ. 2012ರ ಜುಲೈಯಲ್ಲಿ ಅವರು ತೀರಿಕೊಂಡರು. ದಿಲ್ಲಿಯವರೆಗೆ ಹೋದವರನ್ನು ಜನ ನೆನೆಯುವುದು ಇಂದಿಗೂ ನೀರಿನ ಹೆಸರಿನಿಂದಲೇ.

ಉತ್ತರ 3 (ಶಿಕ್ಷಕಿ, ರಾಯಚೂರು)

ಮೇಲಿನ ಮಾತುಗಳನ್ನು ಗೌರವಿಸುತ್ತೇನೆ. ಆದರೆ ಮೃಣಾಲ್ ಗೋರೆಯವರ ಹಿಂದೆ ಒಂದು ಪಕ್ಷ, ಒಂದು ಚಳವಳಿ, ನೂರಾರು ಕಾರ್ಯಕರ್ತರಿದ್ದರು ಎಂಬುದನ್ನು ಮರೆಯಬಾರದು. ನಿಮ್ಮ ಅತ್ತಿಗೆಯವರ ಹಿಂದೆ ಸದ್ಯಕ್ಕೆ ಒಂದು ಓಣಿಯಿದೆ. ಬಳ್ಳಾರಿ ಪಾಲಿಕೆಯ 2021ರ ಏಪ್ರಿಲ್ ಚುನಾವಣೆಯಲ್ಲಿ 39 ವಾರ್ಡುಗಳ ಪೈಕಿ ಕಾಂಗ್ರೆಸ್ 21, ಬಿಜೆಪಿ 13, ಪಕ್ಷೇತರರು 5 ಸ್ಥಾನ ಗೆದ್ದರು. ಪಕ್ಷೇತರರಾಗಿ ಗೆಲ್ಲುವುದು ಅಸಾಧ್ಯವಲ್ಲ, ಸುಲಭವೂ ಅಲ್ಲ. ಗೆದ್ದ ಮೇಲೂ ಮೇಯರ್ ಆಯ್ಕೆಗೆ 2022ರ ಮಾರ್ಚ್ ಬರಬೇಕಾಯಿತು. ಅಷ್ಟು ತಿಂಗಳು ಆ ಸದಸ್ಯರು ಕುರ್ಚಿಯಿಲ್ಲದೆ ಜನರ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತಿದ್ದರು.

ಮೀಸಲಾತಿಯ ಪಟ್ಟಿ ಬದಲಾಗುವುದನ್ನೂ ಗಮನಿಸಿ. ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿರುವುದು ಅನುಕೂಲವೇ, ಆದರೆ ಹನ್ನೆರಡು ವರ್ಷ ದುಡಿದ ವಾರ್ಡೇ ಬೇರೆ ವರ್ಗಕ್ಕೆ ಹೋಗಿಬಿಟ್ಟರೆ ಏನು ಮಾಡುವಿರಿ? ಪಕ್ಕದ ವಾರ್ಡಿಗೆ ಹೋಗಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ವಯಸ್ಸು, ಅನುಭವಗಳ ಅಳುಕು ಮಾತ್ರ ಬೇಡ. ನಿಮ್ಮ ಊರಿನಲ್ಲಿಯೇ 2023ರ ಮಾರ್ಚಿನಲ್ಲಿ 23 ವರ್ಷದ ಡಿ. ತ್ರಿವೇಣಿಯವರು ಮೇಯರ್ ಆದರಲ್ಲವೇ? ಅವರ ತಾಯಿಯವರೂ ಹಿಂದೆ ಮೇಯರ್ ಆಗಿದ್ದವರು. ಮನೆಯಲ್ಲಿ ಯಾರೂ ರಾಜಕೀಯದಲ್ಲಿ ಇಲ್ಲದವರಿಗೆ ಆ ದಾರಿ ಇನ್ನಷ್ಟು ಉದ್ದವೆಂಬುದು ನಿಜ, ಆದ್ದರಿಂದಲೇ ಈಗಿನಿಂದ ಜೊತೆಗಾರರನ್ನು ಕಟ್ಟಿಕೊಳ್ಳಬೇಕು ಎನ್ನುತ್ತೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಊಟದ ನಂತರ ಇವೆಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ಲಟ್ಟಣಿಗೆಯ ಮೆರವಣಿಗೆಯ ಭಾಗವನ್ನು ನಮ್ಮ ಅವ್ವ ಎರಡು ಸಲ ಓದಿಸಿದರು. ಅಣ್ಣ ಒಪ್ಪಿದ್ದಾನೆಂದು ಹೇಳಲಾರೆ. ಆದರೆ ನಡಾವಳಿಯ ಮಾತು ಬಂದಾಗ, ಅದನ್ನು ಹೊರಗಿನವರೂ ಪಡೆಯಬಹುದೇ ಎಂದು ಅವನೇ ಕೇಳಿದ.

ನಿಲ್ಲುವ ಬಗ್ಗೆ ಅತ್ತಿಗೆಯವರು ಇನ್ನೂ ತೀರ್ಮಾನಿಸಿಲ್ಲ. ವಾರ್ಡುಗಳ ಮೀಸಲಾತಿ ಪಟ್ಟಿ ಬರುವವರೆಗೆ ಆ ಮಾತು ಬೇಡವೆಂದಿದ್ದಾರೆ. ಅಲ್ಲಿಯವರೆಗೆ, ನಮ್ಮ ವಾರ್ಡಿನಲ್ಲಿ ಶೇ 24.10ರ ಹಣ ಮೂರು ವರ್ಷಗಳಲ್ಲಿ ಎಲ್ಲೆಲ್ಲಿ ಖರ್ಚಾಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಲು ಕುಳಿತಿದ್ದಾರೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಅವರು ಬರೆದದ್ದು ಎರಡು ಪುಟವಾಗಿದೆ. ಏಳನೆಯ ಪುಸ್ತಕವನ್ನು ಎದುರು ಮನೆಯ ಪಿಯುಸಿ ಓದುವ ಹುಡುಗಿಗೆ ಕೊಟ್ಟು, ಈ ವಾರ ನೀರು ಬಂದರೆ ನೀನೇ ಬರೆ ಎಂದು ಹೇಳಿ, ಈಗ ಅರ್ಜಿಯ ಪದಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದಾರೆ.