ಶೇ. 90 ಎಂದು ಬರೆದದ್ದರಲ್ಲಿ ಮೂರನೇ ಒಂದು ಭಾಗ ಸುಳ್ಳಾಗಿದೆ: ತಂತ್ರಜ್ಞಾನದ ಊಹೆಗಳನ್ನು ತಿದ್ದಿಕೊಳ್ಳುವುದು ಹೇಗೆ?

ನಿಧಾನಿ:

ಮುಂದೆ ಬರಲಿರುವ ತಂತ್ರಜ್ಞಾನದ ಬಗ್ಗೆ ಮಾಡಿದ ಊಹೆಗಳನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡುತ್ತಿದ್ದೇನೆ. ಒಟ್ಟು 46 ಇವೆ, ಪ್ರತಿಯೊಂದರ ಪಕ್ಕದಲ್ಲೂ ಸಾಧ್ಯತೆ ಎಷ್ಟು ಎಂದು ಶೇಕಡಾ ಹಾಕಿದೆ. ಗಡುವು ಮುಗಿದ 30ನ್ನು ಗುಂಪು ಮಾಡಿ ನೋಡಿದರೆ ಹೀಗಿದೆ: ಶೇ. 90 ಹಾಕಿದ್ದ 20ರಲ್ಲಿ ನಿಜವಾದವು 13, ಶೇ. 60 ಹಾಕಿದ್ದ 10ರಲ್ಲಿ ನಿಜವಾದವು 7.

ಕೇಳಬೇಕಾದದ್ದು ಮೂರು. ಇಷ್ಟು ಕಡಿಮೆ ಊಹೆಗಳಿಂದ ಏನಾದರೂ ಹೇಳಲು ಬರುತ್ತದೆಯೇ, ಅಥವಾ ಇದು ಬರೀ ಆಕಸ್ಮಿಕವೇ? ಶೇ. 90 ಇರುವ ಕಡೆಯೆಲ್ಲ ಇನ್ನು ಮೇಲೆ 65 ಬರೆದರೆ ಸರಿಹೋಗುತ್ತದೆಯೇ? ಕೊನೆಯದು, ಆಗಲಿ ಎಂದು ಬಯಸುವ ಸಂಗತಿಗೂ ಆದೀತೆಂದು ಹೆದರುವ ಸಂಗತಿಗೂ ಕೈ ತಾನಾಗಿ ದೊಡ್ಡ ಸಂಖ್ಯೆಯನ್ನೇ ಬರೆಯುತ್ತದೆ. ಮನಸ್ಸಿನ ಒಲವನ್ನು ಅಂದಾಜಿನಿಂದ ಬೇರೆ ಮಾಡುವ ಕ್ರಮ ಯಾವುದು? ಒಂದು ಉದಾಹರಣೆ ಕೊಡುತ್ತೇನೆ: "ಐದು ವರ್ಷದಲ್ಲಿ ಕೃತಕ ಬುದ್ಧಿಮತ್ತೆ ಅನುವಾದಕರ ಕೆಲಸ ಕಸಿದುಕೊಳ್ಳುತ್ತದೆ, ಶೇ. 90."

ಲೆಕ್ಕದಪುಸ್ತಕ:

ಶೇ. 90ರ ಗುಂಪಿನಲ್ಲಿ ಆಗಿರುವುದು ಆಕಸ್ಮಿಕ ಅಲ್ಲ. ಶೇ. 60ರ ಗುಂಪಿನ ಬಗ್ಗೆ ಈಗಲೇ ಏನೂ ಹೇಳಲು ಬರುವುದಿಲ್ಲ.

ಶೇ. 90 ಎಂಬುದು ಸರಿಯಾದ ಅಂದಾಜಾಗಿದ್ದರೆ 20ರಲ್ಲಿ ಸರಾಸರಿ 2 ತಪ್ಪಬೇಕಿತ್ತು. 3 ಅಥವಾ 4 ತಪ್ಪಿದ್ದರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. 7 ಅಥವಾ ಅದಕ್ಕಿಂತ ಹೆಚ್ಚು ತಪ್ಪುವ ಸಾಧ್ಯತೆ ಸಾವಿರಕ್ಕೆ ಎರಡು–ಮೂರು ಮಾತ್ರ. ಶೇ. 60ರ ಹತ್ತರಲ್ಲಿ 6 ನಿಜವಾಗಬೇಕಿತ್ತು, 7 ಆಗಿವೆ. ಅಲ್ಲಿ 4 ಬಂದಿದ್ದರೂ 8 ಬಂದಿದ್ದರೂ ಇದೇ ಮಾತು ಹೇಳುತ್ತಿದ್ದೆ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಆ 20 ಊಹೆಗಳು ಒಂದರ ಮೇಲೊಂದು ಆತುಕೊಂಡಿರಬಾರದು. ಉದಾಹರಣೆಗೆ, ಅವುಗಳಲ್ಲಿ ಐದು ಬ್ಯಾಟರಿ ಬೆಲೆಯ ಬಗ್ಗೆಯೇ ಇದ್ದು, "ಬೆಲೆ ಬೇಗ ಇಳಿಯುತ್ತದೆ" ಎಂಬ ಒಂದೇ ನಂಬಿಕೆ ಐದಕ್ಕೂ ಆಧಾರವಾಗಿದ್ದರೆ, ಆ ನಂಬಿಕೆ ಬಿದ್ದ ದಿನ ಐದೂ ಒಟ್ಟಿಗೆ ಬೀಳುತ್ತವೆ. ಆಗ ಅದು ಐದು ತಪ್ಪಲ್ಲ, ಒಂದೇ ತಪ್ಪು. ತಪ್ಪಿದ 7ನ್ನು ಎದುರಿಗಿಟ್ಟುಕೊಂಡು, ಎಷ್ಟಕ್ಕೆ ಒಂದೇ ಕಾರಣ ಇದೆ ನೋಡಿ. 7ರ ಹಿಂದೆ ಇರುವ ಕಾರಣಗಳು ಎರಡೇ ಆದರೆ ಮೇಲಿನ "ಸಾವಿರಕ್ಕೆ ಎರಡು–ಮೂರು" ಎಂಬ ಲೆಕ್ಕ ಮುರಿದುಬೀಳುತ್ತದೆ.

ಇನ್ನು ಅಂಕ ಹಾಕುವ ವಿಧಾನ. ಹವಾಮಾನ ತಜ್ಞ ಗ್ಲೆನ್ ಬ್ರೈಯರ್ 1950ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಸಾಕು. ಶೇಕಡಾವನ್ನು ದಶಮಾಂಶಕ್ಕೆ ತನ್ನಿ. ಸಂಗತಿ ನಡೆದಿದ್ದರೆ 1, ನಡೆಯದಿದ್ದರೆ 0. ಎರಡರ ವ್ಯತ್ಯಾಸದ ವರ್ಗ ತೆಗೆದು ಎಲ್ಲದರ ಸರಾಸರಿ ಮಾಡಿ. ಕಡಿಮೆ ಬಂದಷ್ಟೂ ಒಳ್ಳೆಯದು. 0.9 ಹಾಕಿ ಗೆದ್ದರೆ 0.01, ಸೋತರೆ 0.81. ನಿಮ್ಮ 20ಕ್ಕೆ: 13 × 0.01 + 7 × 0.81 = 5.80, ಸರಾಸರಿ 0.29. ಕಣ್ಣು ಮುಚ್ಚಿ ಎಲ್ಲದಕ್ಕೂ ಶೇ. 50 ಬರೆದಿದ್ದರೆ 0.25 ಬರುತ್ತಿತ್ತು. ಅಂದರೆ ಆ ಗುಂಪಿನಲ್ಲಿ ನಿಮ್ಮ ವಿಶ್ವಾಸ ನಾಣ್ಯ ಚಿಮ್ಮುವುದಕ್ಕಿಂತ ಕೆಟ್ಟ ಫಲ ಕೊಟ್ಟಿದೆ. ಶೇ. 60ರ ಗುಂಪಿಗೆ 0.22 ಬರುತ್ತದೆ, ಅದೇ ವಾಸಿ.

ಎಲ್ಲದಕ್ಕೂ 65 ಬರೆದರೆ? ಆ ಗುಂಪಿನ ಅಂಕ 0.2275ಕ್ಕೆ ಇಳಿಯುತ್ತದೆ. ಅತಿವಿಶ್ವಾಸದ ದಂಡ ತಪ್ಪುತ್ತದೆ ಅಷ್ಟೇ, ತಿಳಿವಳಿಕೆಯೇನೂ ಹೆಚ್ಚುವುದಿಲ್ಲ. ವರ್ಷಕ್ಕೆ 73 ದಿನ ಮಳೆ ಬೀಳುವ ಜಾಗದಲ್ಲಿ ಪ್ರತಿದಿನವೂ "ಮಳೆ ಸಾಧ್ಯತೆ ಶೇ. 20" ಎನ್ನುವವನ ಲೆಕ್ಕ ವರ್ಷದ ಕೊನೆಗೆ ಕರಾರುವಾಕ್ಕಾಗಿ ತಾಳೆಯಾಗುತ್ತದೆ. ಆದರೂ ಇವತ್ತು ಕೊಡೆ ಬೇಕೋ ಬೇಡವೋ ಎಂದು ಅವನಿಂದ ತಿಳಿಯುವುದಿಲ್ಲ. ಮಳೆಯ ದಿನ 80, ಒಣ ದಿನ 5 ಎಂದು ಬೇರ್ಪಡಿಸಿ ಹೇಳಬಲ್ಲವನೇ ಬಲ್ಲವನು. ಮುಂದಿನ 20 ಊಹೆಗಳಿಗೆ, 90 ಎನ್ನಿಸಿದ ಕಡೆ 75 ಬರೆಯಿರಿ. ಜೊತೆಗೆ, ಈ 20ರೊಳಗೆ ಗೆದ್ದ 13ಕ್ಕೂ ಸೋತ 7ಕ್ಕೂ ಬರೆಯುವಾಗಲೇ ಕಾಣಬಹುದಾಗಿದ್ದ ವ್ಯತ್ಯಾಸ ಏನಾದರೂ ಇತ್ತೇ ಎಂದು ಹುಡುಕಿ.

ಇನ್ನೊಂದು ವಿಷಯ. ಹವಾಮಾನ ಹೇಳುವವರ ಅಂದಾಜು ಹದವಾಗಿರುವುದಕ್ಕೆ ಕಾರಣ, ನಿನ್ನೆ ಹೇಳಿದ್ದು ಸರಿಯೋ ತಪ್ಪೋ ಇವತ್ತೇ ಗೊತ್ತಾಗುತ್ತದೆ. ಐದು ವರ್ಷದ ಊಹೆಗಳನ್ನಷ್ಟೇ ಬರೆದರೆ ಕಲಿಯುವುದಕ್ಕೆ ಐದು ವರ್ಷ ಕಾಯಬೇಕು. ಅರ್ಧದಷ್ಟಾದರೂ ಒಂದರಿಂದ ಮೂರು ತಿಂಗಳ ಗಡುವಿನವು ಇರಲಿ.

ಮೋಡಬಿಸಿಲು:

ಲೆಕ್ಕ ಸರಿಯಾಗಿದೆ. ಆದರೆ ಅನುವಾದಕರ ಉದಾಹರಣೆ ನೋಡಿದರೆ, ರೋಗ ಸಂಖ್ಯೆಯಲ್ಲಿರುವುದಕ್ಕಿಂತ ವಾಕ್ಯದಲ್ಲಿ ಹೆಚ್ಚಾಗಿದೆ. "ಕಸಿದುಕೊಳ್ಳುತ್ತದೆ" ಅಂದರೆ ಏನು? ಒಬ್ಬರೂ ಉಳಿಯುವುದಿಲ್ಲವೇ, ಅರ್ಧ ಜನ ಉಳಿಯುತ್ತಾರೆಯೇ, ಎಲ್ಲರೂ ಉಳಿದು ಆದಾಯ ಇಳಿಯುತ್ತದೆಯೇ? ಐದು ವರ್ಷ ಎಂದಿನಿಂದ? ಆಯಿತೋ ಇಲ್ಲವೋ ಎಂದು ತೀರ್ಮಾನಿಸುವ ಅಂಕಿ ಎಲ್ಲಿಂದ ಬರುತ್ತದೆ? ಇಷ್ಟು ಸಡಿಲವಾದ ವಾಕ್ಯಕ್ಕೆ ಶೇ. 90 ಹಾಕುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ. ಗಡುವು ಬಂದಾಗ ಗೆದ್ದೆ ಎಂದೂ ವಾದಿಸಬಹುದು, ಸೋತೆ ಎಂದೂ ವಾದಿಸಬಹುದು.

ಹೀಗೆ ಬಿಡಿಸಿ ಬರೆಯಿರಿ: "ಇಂಥ ದೇಶದ ಸರ್ಕಾರಿ ಉದ್ಯೋಗ ಸಮೀಕ್ಷೆಯಲ್ಲಿ 'ಅನುವಾದಕರು ಮತ್ತು ದುಭಾಷಿಗಳು' ಎಂಬ ವರ್ಗದ ಸಂಖ್ಯೆ, ಇಂದಿನ ಪ್ರಕಟಿತ ಅಂಕಿಗಿಂತ ಶೇ. 30 ಅಥವಾ ಹೆಚ್ಚು ಇಳಿದಿರುತ್ತದೆ. ನೋಡುವುದು ಇಂಥ ದಿನಾಂಕಕ್ಕೆ ಮೊದಲು ಪ್ರಕಟವಾದ ಕೊನೆಯ ಸಮೀಕ್ಷೆಯನ್ನು. ಸಮೀಕ್ಷೆ ನಿಂತುಹೋದರೆ ಅಥವಾ ವರ್ಗದ ವ್ಯಾಖ್ಯೆ ಬದಲಾದರೆ ಊಹೆ ರದ್ದು." ಕೊನೆಯ ವಾಕ್ಯವನ್ನು ಎಲ್ಲರೂ ಮರೆಯುತ್ತಾರೆ, ಜಗಳವೆಲ್ಲ ಅಲ್ಲೇ ಹುಟ್ಟುವುದು. ಬರೆದಾದ ಮೇಲೆ ನಿಮ್ಮ ಅಭಿಪ್ರಾಯ ಗೊತ್ತಿಲ್ಲದ ಯಾರಿಗಾದರೂ ಕೊಟ್ಟು, "ಗಡುವಿನ ದಿನ ನೀವೊಬ್ಬರೇ ಇದನ್ನು ತೀರ್ಮಾನಿಸಬಲ್ಲಿರಾ?" ಎಂದು ಕೇಳಿ. ಅವರು ಒಂದು ಪ್ರಶ್ನೆ ತಿರುಗಿ ಕೇಳಿದರೂ ವಾಕ್ಯ ಇನ್ನೂ ಸಿದ್ಧವಾಗಿಲ್ಲ.

ಯಂತ್ರಕ್ಕೆ ಒಂದು ಕೆಲಸ ಬರುವುದಕ್ಕೂ ಆ ಕೆಲಸದ ಉದ್ಯೋಗವೇ ಹೋಗುವುದಕ್ಕೂ ಬಹಳ ದೂರ. 2016ರಲ್ಲಿ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್, ಐದು ವರ್ಷದಲ್ಲಿ ಯಂತ್ರಗಳು ಎಕ್ಸ್-ರೇ, ಸ್ಕ್ಯಾನ್ ಚಿತ್ರ ಓದುವ ವೈದ್ಯರಾದ ರೇಡಿಯಾಲಜಿಸ್ಟ್‌ಗಳನ್ನು ಮೀರಿಸುತ್ತವೆ, ಹೊಸಬರಿಗೆ ಆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ಈ ಯಂತ್ರಗಳ ಹಿಂದಿರುವ, ಮಿದುಳಿನ ಮಾದರಿಯ ನರಜಾಲಗಳ ವಿಷಯದಲ್ಲಿ ಅವರಿಗಿಂತ ಹೆಚ್ಚು ಬಲ್ಲವರು ವಿರಳ. ಚಿತ್ರ ಓದುವ ಯಂತ್ರಗಳು ನಿಜಕ್ಕೂ ಬಹಳ ಸುಧಾರಿಸಿದವು. ಆದರೆ ರೇಡಿಯಾಲಜಿಸ್ಟ್‌ಗಳ ಬೇಡಿಕೆ ಉಳಿಯಿತು. ಏಕೆಂದರೆ ಆ ಉದ್ಯೋಗದಲ್ಲಿ ಚಿತ್ರ ಓದುವುದು ಒಂದು ಭಾಗ ಮಾತ್ರ. ರೋಗಿಯ ಹಿಂದಿನ ದಾಖಲೆ ನೋಡುವುದು, ಬೇರೆ ವೈದ್ಯರ ಜೊತೆ ಚರ್ಚಿಸುವುದು, ವರದಿಗೆ ಸಹಿ ಹಾಕಿ ಹೊಣೆ ಹೊರುವುದು ಉಳಿದ ಭಾಗ.

ತಪ್ಪು ಒಂದೇ ದಿಕ್ಕಿಗೆ ಆಗುತ್ತದೆ ಎಂದುಕೊಳ್ಳಬೇಡಿ. ಮನುಷ್ಯ ಹಾರುವ ಯಂತ್ರಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಎಂದು 1903ರ ಅಕ್ಟೋಬರ್ 9ರಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. 69 ದಿನಗಳ ನಂತರ, ಡಿಸೆಂಬರ್ 17ರಂದು, ರೈಟ್ ಸಹೋದರರು ಹಾರಿದರು. ಪರಮಾಣುವಿನಿಂದ ಉಪಯುಕ್ತ ಶಕ್ತಿ ತೆಗೆಯುವ ಮಾತನ್ನು ಭೌತವಿಜ್ಞಾನಿ ರುದರ್‌ಫರ್ಡ್ 1933ರ ಸೆಪ್ಟೆಂಬರ್ 11ರಂದು ತಳ್ಳಿಹಾಕಿದರು. ಮಾರನೆಯ ದಿನ ಆ ವರದಿ ಓದಿದ ಇನ್ನೊಬ್ಬ ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಅವರಿಗೆ, ಒಂದು ಪರಮಾಣುವಿನ ಕ್ರಿಯೆ ಮುಂದಿನದನ್ನು ಹೊತ್ತಿಸುತ್ತಾ ಸಾಗುವ ಸರಣಿ ಕ್ರಿಯೆಯ ಕಲ್ಪನೆ ಹೊಳೆಯಿತು. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಅದು ನಡೆದೇಬಿಟ್ಟಿತು. ಇತ್ತ, ಹತ್ತು ವರ್ಷದೊಳಗೆ ಕಂಪ್ಯೂಟರ್ ಚೆಸ್ ಚಾಂಪಿಯನ್ ಆಗುತ್ತದೆ ಎಂದು 1950ರ ದಶಕದ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಮೊದಲಿಗರಾದ ಹರ್ಬರ್ಟ್ ಸೈಮನ್ ಮತ್ತು ಆಲನ್ ನ್ಯೂವೆಲ್ ಹೇಳಿದ್ದು ಈಡೇರಲು 1997ರವರೆಗೆ ಕಾಯಬೇಕಾಯಿತು. ವಿಷಯ ಬಲ್ಲವರೇ ಎರಡೂ ಕಡೆ ತಪ್ಪಿದ್ದಾರೆ. ಹಾಗಾಗಿ ಎಲ್ಲ ಸಂಖ್ಯೆಗಳನ್ನೂ "ಆಗುವುದಿಲ್ಲ" ಕಡೆಗೆ ತಳ್ಳುವುದು ಪರಿಹಾರವಲ್ಲ.

ದೊಡ್ಡ ಊಹೆಯನ್ನು ಮೆಟ್ಟಿಲುಗಳಾಗಿ ಒಡೆಯುವುದು ಒಳ್ಳೆಯದು: ಪ್ರಯೋಗಾಲಯದಲ್ಲಿ ಸಾಧ್ಯವೇ, ಬೆಲೆ ಕೈಗೆಟುಕುತ್ತದೆಯೇ, ಕಾನೂನು ಒಪ್ಪುತ್ತದೆಯೇ, ತಪ್ಪಾದರೆ ಹೊಣೆ ಯಾರದೆಂದು ತೀರ್ಮಾನವಾಗುತ್ತದೆಯೇ, ಜನ ಬಳಸುತ್ತಾರೆಯೇ. ಐದಕ್ಕೂ ಶೇ. 80 ಹಾಕಿದರೂ ಗುಣಿಸಿದಾಗ ಉಳಿಯುವುದು ಶೇ. 33ರಷ್ಟೇ. ಆದರೆ ಇದರಲ್ಲೂ ಒಂದು ಬಲೆ ಇದೆ. ಮೊದಲ ನಾಲ್ಕು ಮೆಟ್ಟಿಲು ದಾಟಿದ್ದೇ ಆದರೆ ಐದನೆಯದಕ್ಕೆ ಶೇ. 80 ಅಲ್ಲ, 95 ಇರಬಹುದು. ಎರಡನೆಯ ಮೆಟ್ಟಿಲಿನಿಂದ ಮುಂದಕ್ಕೆ ಪ್ರತಿಸಲವೂ "ಹಿಂದಿನವೆಲ್ಲ ಆಗಿದ್ದರೆ" ಎಂದು ಸೇರಿಸಿ ಕೇಳಿಕೊಳ್ಳಿ. ನೀವು ಬರೆಯದ ಬೇರೆ ದಾರಿಯೂ ಇರಬಹುದು. ಇವೆರಡನ್ನೂ ಬಿಟ್ಟವರು ಯಾವ ತಂತ್ರಜ್ಞಾನವನ್ನು ಬೇಕಾದರೂ ಗುಣಾಕಾರದಲ್ಲೇ ಮುಳುಗಿಸಿಬಿಡಬಲ್ಲರು.

ಎರಡುಕಾಲಂ:

ಮೂರನೆಯ ಪ್ರಶ್ನೆಗೆ ಇಬ್ಬರೂ ಕೈ ಹಾಕಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು.

ಸ್ಪ್ರೆಡ್‌ಶೀಟ್‌ಗೆ ಒಂದು ಕಾಲಂ ಸೇರಿಸಿ: "ಇದು ಆಗಬೇಕೇ?" ಬಲವಾಗಿ ಬೇಡ ಎಂದರೆ −5, ಬಲವಾಗಿ ಬೇಕು ಎಂದರೆ +5. ಶೇಕಡಾ ಬರೆಯುವುದಕ್ಕೆ ಮೊದಲೇ ಇದನ್ನು ತುಂಬಬೇಕು. ಆಮೇಲೆ ತುಂಬಿದರೆ ಅಂದಾಜಿಗೆ ಹೊಂದುವಂತೆ ಬಯಕೆಯನ್ನೇ ತಿದ್ದುತ್ತೀರಿ. ಮೂವತ್ತು ಊಹೆ ಮುಗಿದ ಮೇಲೆ ಬೇಕಾದವು, ಬೇಡವಾದವು, ಸೊನ್ನೆಯ ಹತ್ತಿರ ಇರುವವು ಎಂದು ಮೂರು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಬರೆದ ಸರಾಸರಿ ಶೇಕಡಾವನ್ನೂ ನಿಜವಾದದ್ದರ ಶೇಕಡಾವನ್ನೂ ಪಕ್ಕಪಕ್ಕ ಇಡಿ. ಬೇಕಾದವುಗಳಲ್ಲಿ ಮಾತ್ರ ಅಂದಾಜು ಮೇಲೆ ಹೋಗಿದ್ದರೆ ಅದು ಆಸೆಯ ಕೆಲಸ. ನೀವು ಹೇಳಿದಂತೆ ಬೇಕಾದವು, ಬೇಡವಾದವು ಎರಡರಲ್ಲೂ ಮೇಲೆ ಹೋಗಿ ಸೊನ್ನೆಯ ಗುಂಪು ಸರಿಯಿದ್ದರೆ ಕಾರಣ ಬೇರೆ: ಯಾವುದನ್ನು ದಿನವೂ ಯೋಚಿಸುತ್ತೇವೋ ಅದರ ಚಿತ್ರ ಮನಸ್ಸಿನಲ್ಲಿ ನಿಚ್ಚಳವಾಗಿರುತ್ತದೆ, ನಿಚ್ಚಳವಾಗಿರುವುದು ಹತ್ತಿರವೇ ಇದೆ ಎನಿಸುತ್ತದೆ. ಅದಕ್ಕೆ ಔಷಧ, ನಡೆಯದಿರುವ ದಾರಿಯನ್ನೂ ಅಷ್ಟೇ ವಿವರವಾಗಿ ಬರೆಯುವುದು. "ಗಡುವು ಮುಗಿದಿದೆ, ಇದು ಆಗಲಿಲ್ಲ. ಏಕೆ?" ಎಂದು ಕೇಳಿಕೊಂಡು ಎರಡು ಕಾರಣ ಬರೆದ ಮೇಲಷ್ಟೇ ಸಂಖ್ಯೆ ಹಾಕಿ.

ಸಂಖ್ಯೆ ಹಾಕುವಾಗ ಈ ಪರೀಕ್ಷೆಯೂ ಇರಲಿ. ಒಂದು ಚೀಲದಲ್ಲಿ 100 ಗೋಲಿ, 90 ಕೆಂಪು. ಕಣ್ಣು ಮುಚ್ಚಿ ತೆಗೆದದ್ದು ಕೆಂಪಾದರೆ ಬಹುಮಾನ. ಅಥವಾ ನಿಮ್ಮ ಊಹೆ ನಿಜವಾದರೆ ಅದೇ ಬಹುಮಾನ. ಯಾವುದನ್ನು ಆರಿಸುತ್ತೀರಿ? ಚೀಲಕ್ಕೆ ಕೈ ಹೋದರೆ ನಿಮಗೆ ಶೇ. 90 ನಂಬಿಕೆ ಇಲ್ಲ. ಕೆಂಪು ಗೋಲಿಗಳನ್ನು 80, 70 ಎಂದು ಇಳಿಸುತ್ತಾ ಹೋಗಿ. ಎರಡರಲ್ಲಿ ಯಾವುದಾದರೂ ಆದೀತು ಎನಿಸಿದಾಗ ನಿಲ್ಲಿಸಿ, ಅದೇ ನಿಮ್ಮ ಸಂಖ್ಯೆ.

ಮೌಲ್ಯದ ಪ್ರಶ್ನೆಗೆ ಪರೀಕ್ಷೆಯೇ ಬೇರೆ. "ಈ ತಂತ್ರಜ್ಞಾನದಿಂದ ಮನುಷ್ಯರ ಆಯಸ್ಸು ಹೆಚ್ಚಿದರೆ ಕೆಟ್ಟದ್ದು" ಎನಿಸಿದರೆ, "ಹಾಗಾದರೆ ಕಡಿಮೆಯಾದರೆ ಒಳ್ಳೆಯದೇ?" ಎಂದು ತಿರುಗಿಸಿ ಕೇಳಿ. ಅದೂ ಕೆಟ್ಟದ್ದೇ ಎನಿಸಿದರೆ, ಇವತ್ತು ಇರುವ ಅಳತೆಯೇ ಏಕೆ ಸರಿ ಎಂದು ಕಾರಣ ಕೊಡಬೇಕಾಗುತ್ತದೆ. ತತ್ವಶಾಸ್ತ್ರಜ್ಞರಾದ ನಿಕ್ ಬಾಸ್ಟ್ರಮ್ ಮತ್ತು ಟೋಬಿ ಆರ್ಡ್ 2006ರಲ್ಲಿ ಈ ತಿರುವು ಪರೀಕ್ಷೆಯನ್ನು ಮುಂದಿಟ್ಟರು. ಕಾರಣ ಸಿಕ್ಕರೆ ನಿಮ್ಮ ವಿರೋಧಕ್ಕೆ ಬುಡ ಇದೆ. ಸಿಗದಿದ್ದರೆ ಅದು ಇರುವುದು ಇದ್ದಂತೆ ಇರಲಿ ಎಂಬ ರೂಢಿಯ ಎಳೆತ ಇರಬಹುದು.

ನಿಧಾನಿ:

ತಪ್ಪಿದ 7ನ್ನು ಬಿಡಿಸಿ ನೋಡಿದೆ. ಎರಡಕ್ಕೆ ಒಂದೇ ಕಾರಣ. ಒಂದರ ವಾಕ್ಯವೇ ಸಡಿಲ. ಉಳಿದ 4ರಲ್ಲಿ ಹೇಳಿದ ಸಂಗತಿ ನಡೆದಿದೆ, ಆದರೆ ಗಡುವು ದಾಟಿದ ಮೇಲೆ. ಇವನ್ನೂ ಪೂರ್ತಿ ತಪ್ಪು ಎಂದೇ ಎಣಿಸಬೇಕೇ?

ಲೆಕ್ಕದಪುಸ್ತಕ:

ಹೌದು, ತಪ್ಪೆಂದೇ ಎಣಿಸಿ. ಅಂಕ ತಿದ್ದಬೇಡಿ. ಆದರೆ ಈಗ ದೋಷ ಎಲ್ಲಿದೆ ಎಂದು ಸಿಕ್ಕಿತು: ಏನಾಗುತ್ತದೆ ಎಂಬುದಕ್ಕಿಂತ ಯಾವಾಗ ಆಗುತ್ತದೆ ಎಂಬುದರಲ್ಲಿ ಎಡವುತ್ತಿದ್ದೀರಿ. ಇದು ಎಲ್ಲರಲ್ಲೂ ಇರುವ ಎಡವು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನದಲ್ಲಿ ಮುಗಿಯುತ್ತದೆ ಎಂದಿದ್ದರು. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ 48.6 ಎಂದಿದ್ದರು. ನಿಜಕ್ಕೂ ಹಿಡಿದದ್ದು 55.5. ಅತಿ ಕೆಟ್ಟ ಅಂದಾಜನ್ನೂ ಸರಾಸರಿಯೇ ದಾಟಿತು.

ಇನ್ನು ಮುಂದೆ ಪ್ರತಿ ಊಹೆಗೂ ಒಂದು ಗಡುವಿನ ಬದಲು ಮೂರು ಗಡುವು ಬರೆಯಿರಿ. ಒಂದು ವರ್ಷದೊಳಗೆ ಶೇ. 35, ಎರಡು ವರ್ಷದೊಳಗೆ 60, ನಾಲ್ಕು ವರ್ಷದೊಳಗೆ 80, ಹೀಗೆ. ಗಡುವು ದೂರವಾದಂತೆ ಸಂಖ್ಯೆ ಇಳಿಯಬಾರದು. ಇಳಿದರೆ ಎಲ್ಲೋ ಲೆಕ್ಕ ತಪ್ಪಿದೆ. ಒಂದೇ ಸಂಗತಿಗೆ ಸೇರಿದ ಮೂರು ಸಾಲುಗಳಾದ್ದರಿಂದ ಅವುಗಳ ಸರಾಸರಿ ತೆಗೆದು ಒಂದೇ ಅಂಕವಾಗಿ ಎಣಿಸಿ.

ಬಾಕಿ ಉಳಿದ 16ರಲ್ಲಿ ಹಳೆಯ ಸಂಖ್ಯೆ ಅಳಿಸಬೇಡಿ. ಅದೇ ಊಹೆಯ ಕೆಳಗೆ ಇವತ್ತಿನ ದಿನಾಂಕ, ಹೊಸ ಶೇಕಡಾ, ಯಾವ ಸುದ್ದಿಯಿಂದ ಬದಲಾಯಿತು ಎಂಬ ಒಂದು ಸಾಲು ಸೇರಿಸಿ. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ತಂಡ 2011ರಿಂದ 2015ರವರೆಗೆ ಭಾಗವಹಿಸಿದ ಮುನ್ನೋಟ ಸ್ಪರ್ಧೆಯಲ್ಲಿ ಮುಂದೆ ನಿಂತವರು ಅಂದಾಜನ್ನು ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪವೇ ಬದಲಿಸುತ್ತಿದ್ದರು. ಗಡುವು ಬಂದಾಗ ಮೊದಲ ಸಂಖ್ಯೆಗೂ ಕೊನೆಯ ಸಂಖ್ಯೆಗೂ ಬೇರೆ ಬೇರೆ ಅಂಕ ಹಾಕಿ. ಕೊನೆಯದರ ಅಂಕ ಮೊದಲಿನದಕ್ಕಿಂತ ಕೆಟ್ಟದಾಗಿದ್ದರೆ, ನೀವು ಓದುತ್ತಿರುವ ಸುದ್ದಿಯೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. ಯಾವ ಸುದ್ದಿ ಎಂಬುದು ಆ ಸಾಲಿನಲ್ಲೇ ಬರೆದಿರುತ್ತದೆ.