ಸಹಾಯ ಬೇಕು: ಬರೆದದ್ದನ್ನೆಲ್ಲ ಹರಿದು ಹಾಕುವ ಹುಡುಗಿಗೆ ಜೊತೆ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗಳು ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಥೆ ಬರೆಯುವ ಹುಚ್ಚು. ಆದರೆ ಒಂದು ಪುಟ ಆಗುವಷ್ಟರಲ್ಲಿ "ಅತ್ತಿ, ಏನೂ ಛಂದ ಆಗಿಲ್ಲ ಬಿಡು" ಅಂತ ಹರಿದು ಹಾಕುತ್ತಾಳೆ. ಮೊನ್ನೆ ಕಸದ ಬುಟ್ಟಿಯಿಂದ ಒಂದು ಹಾಳೆ ಎತ್ತಿ ಓದಿದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಗಳಾಡುವ ಇಬ್ಬರು ಅಜ್ಜಿಯರ ಕಥೆ. ನಕ್ಕಿದ್ದೇ ನಕ್ಕಿದ್ದು!

ಅವಳ ದೊಡ್ಡ ಅಂಜಿಕೆ ಭಾಷೆಯದು. ನಮ್ಮ ಆಡುಮಾತಿನಲ್ಲಿ ಬರೆದರೆ ಜನ ನಗುತ್ತಾರಂತೆ. ಇದೇ ಮಾತಿನಲ್ಲಿ ಹಾಡು ಕಟ್ಟಿದ ಸಾಧನಕೇರಿಯ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತು ಅಂದೆ. "ಅವರು ಬೇಂದ್ರೆ ಅಜ್ಜಾರು, ನಾ ಯಾರು?" ಅಂದಳು. ದೊಡ್ಡವರ ಹೆಸರು ಹೇಳಿದರೆ ಮಕ್ಕಳು ಇನ್ನೂ ಜಾಸ್ತಿ ಹೆದರುತ್ತಾರೆ, ಅಲ್ವಾ?

ಅದಕ್ಕೇ ಅವಳ ವಯಸ್ಸಿನವರೇ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಹುಡುಗ ಹುಡುಗಿಯರು ಕೂತು ತಾವು ಬರೆದದ್ದನ್ನು ಓದುವ ಗುಂಪು ಇದೆಯೇ? ವಿದ್ಯಾವರ್ಧಕ ಸಂಘದ ಕಾರ್ಯಕ್ರಮಗಳಿಗೆ ಹೋಗುವವರು ಸ್ವಲ್ಪ ಹೇಳಿ. ಸ್ಪರ್ಧೆ, ಬಹುಮಾನ ಬೇಡ. ಸಪ್ತಾಪುರದ ಹತ್ತಿರವಾದರೆ ಒಳ್ಳೆಯದು, ಸಂಜೆ ಏಳರೊಳಗೆ ಮನೆ ಸೇರಬೇಕು. ಗುಂಪು ಇಲ್ಲದಿದ್ದರೂ, ನಿಮ್ಮ ಮನೆಯಲ್ಲಿ ಹೀಗೆ ಸುಮ್ನೆ ಬರೆದು ಮುಚ್ಚಿಡುವ ಹುಡುಗಿ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ.