‘ತೋಡು’ ಅಂದರೆ ಯಾರೋ ತೋಡಿದ್ದೋ, ತಾನಾಗಿ ಹರಿಯುವುದೋ?

ನಮ್ಮ ಭಾಗಮಂಡಲದ ಕಡೆ ‘ತೋಡು’ ಅಂದರೆ ಹೊಳೆಗಿಂತ ಚಿಕ್ಕದು, ಕಣಿಗಿಂತ ದೊಡ್ಡದು. ಅಡಿಕೆ ಸಾಲಿನ ನಡುವೆ ಗುದ್ದಲಿ ಹಿಡಿದು ಮಾಡಿದ್ದು ಕಣಿ. ಗುಡ್ಡದಿಂದ ಇಳಿದು ಗದ್ದೆಯ ಪಕ್ಕ ಹರಿಯುವುದು ತೋಡು. ‘ಬಾವಿ ತೋಡು’ ಅನ್ನುವಾಗಿನ ತೋಡಿಗೂ ಇದಕ್ಕೂ ಸಂಬಂಧ ಇಲ್ಲ ಅಂತಲೇ ಇಷ್ಟು ವರ್ಷ ತಿಳಿದಿದ್ದೆ.

ಈಚೆಗೆ ಕೇರಳದ ಬೈತೂರು ದೇವಸ್ಥಾನಕ್ಕೆ ಹೋದವರು ಹಾಗೇ ಕಣ್ಣೂರು ಜಿಲ್ಲೆಯ ಪಳಯಂಗಾಡಿಗೂ ಹೋಗಿ ಬಂದೆವು. ಅಲ್ಲಿ ‘ಸುಲ್ತಾನ್ ತೋಡು’ ಇದೆ. 1766ರ ಹೊತ್ತಿಗೆ, ಹೈದರಾಲಿ ಮಲಬಾರಿಗೆ ಇಳಿದ ಕಾಲದಲ್ಲಿ, ಕಣ್ಣೂರಿನ ಅಲಿ ರಾಜ ತೋಡಿಸಿದ್ದು. ಉದ್ದ ಸುಮಾರು 4 ಕಿ.ಮೀ. ಅಷ್ಟೇ. ಆದರೆ ಮಳೆಗಾಲದ ಕಡಲಲ್ಲಿ, ನೀರಿಗೆ ಚಾಚಿಕೊಂಡಿರುವ ಏಳಿಮಲೆ ಗುಡ್ಡವನ್ನು ಸುತ್ತಿ ಹೋಗುವುದು ದೋಣಿಯವರಿಗೆ ಜೀವದ ಪ್ರಶ್ನೆ, ಈ ತೋಡು ಎರಡು ಹೊಳೆಗಳನ್ನು ಕೂಡಿಸಿದ್ದರಿಂದ ಕಡಲಿಗೆ ಇಳಿಯದೆ ಒಳಗಿನಿಂದಲೇ ದಾಟಬಹುದಾಯಿತು. ಈಗ ಸರಕು ಹೋಗುವುದು ರಸ್ತೆಯಲ್ಲಿ, ರೈಲಿನಲ್ಲಿ. ದಡದ ತೆಂಗಿನ ಮರಕ್ಕೆ ಒಂದು ದೋಣಿ ಕಟ್ಟಿತ್ತು, ಅದರ ತಳದ ತುಂಬ ಒಣಗಿದ ಎಲೆ.

ಕೋಳಿಕ್ಕೋಡಿನಲ್ಲಿ 1848ರಲ್ಲಿ ಕಲೆಕ್ಟರ್ ಕನೋಲಿ ಮಾಡಿಸಿದ, ಕೋರಪುಳದಿಂದ ಕಲ್ಲಾಯಿ ಹೊಳೆಯವರೆಗಿನ 11 ಕಿ.ಮೀ. ದೋಣಿ ದಾರಿಯೂ ಹೀಗೇ ಹೂಳು ತುಂಬಿದ್ದು. ಅದನ್ನು ಮಾತ್ರ ಜನ ‘ಕನಾಲ್’ ಅನ್ನುತ್ತಾರೆ.

ಮನೆಗೆ ಬಂದ ಮೇಲೆ ನಮ್ಮ ತೋಡನ್ನು ಮತ್ತೆ ನೋಡಿದೆ. ನೀರು ತಗ್ಗು ಹುಡುಕಿಕೊಂಡು ಹೋಗಬೇಕು, ಅಲ್ವಾ? ತಗ್ಗು ಇರುವುದು ಗದ್ದೆಯ ನಡುವೆ. ತೋಡು ಹರಿಯುವುದು ಗದ್ದೆಯ ಅಂಚಿನಲ್ಲಿ, ಗುಡ್ಡದ ಬುಡ ಹಿಡಿದು. ಅಂದರೆ ಗದ್ದೆ ಮಾಡಿದ ಹಿರಿಯರು ನೀರನ್ನು ಬದಿಗೆ ತಿರುಗಿಸಿದ್ದಾರೆ. ಪ್ರತಿ ಮೇ ತಿಂಗಳು ಮಳೆಗೆ ಮುಂಚೆ ಅದರ ಕೆಸರು ತೆಗೆದು, ಕುಸಿದ ದಡ ಕೆತ್ತಿ ಸರಿ ಮಾಡುತ್ತೇವೆ, ಆದರೂ ಇದು ನನಗೆ ಹೊಳೆದಿರಲಿಲ್ಲ. ನಮ್ಮದೂ ತೋಡಿದ ತೋಡೇ!

ಹಾಗಾಗಿ ಎರಡು ವಿಷಯ ಕೇಳಬೇಕಿತ್ತು.

ದೋಣಿ ಹೋಗಲೆಂದೇ ತೋಡಿದ ನೀರಿಗೆ ಕನ್ನಡದಲ್ಲಿ ಏನನ್ನೋಣ? ನಾಲೆ ಅಂದರೆ ನಮಗೆ ಹಾರಂಗಿ ನಾಲೆ, ಗದ್ದೆಗೆ ನೀರು. ಕಾಲುವೆ ಅಂದರೂ ಅದೇ ಚಿತ್ರ. ತುಂಗಭದ್ರೆಯ ದಡದ ಸುಂಕೇಸುಲದಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು 1860ರ ದಶಕದಲ್ಲಿ ದೋಣಿಗೂ ಬೇಸಾಯಕ್ಕೂ ಅಂತಲೇ ಮಾಡಿದ್ದು, ಆದರೆ ಕಾಲುವೆ ಅನ್ನುವ ಹೆಸರಿನಲ್ಲಿ ಆ ದೋಣಿ ಕಾಣುವುದೇ ಇಲ್ಲ. ‘ಜಲಮಾರ್ಗ’ ಆಫೀಸಿನ ಮಾತು, ಯಾರ ಬಾಯಲ್ಲೂ ನಿಲ್ಲುವುದಿಲ್ಲ. ನನಗೆ ‘ದೋಣಿತೋಡು’ ಚೆನ್ನಾಗಿದೆ ಅನಿಸುತ್ತದೆ. ಘಟ್ಟದ ಮೇಲೂ ಕೆಳಗೂ ಅರ್ಥ ಆಗುವ ಮಾತು. ಬಯಲುಸೀಮೆಯವರ ಕಿವಿಗೆ ಇದು ಹೇಗೆ ಕೇಳುತ್ತದೆ, ಹೇಳಿ.

ಇನ್ನೊಂದು, ವಿರಾಜಪೇಟೆ, ನಾಪೋಕ್ಲು, ಸುಳ್ಯ ಕಡೆಯವರಿಗೆ. ನಿಮ್ಮ ಮನೆಯ ಹಿರಿಯರು ಯಾರಾದರೂ ‘ತೋಡು ತೋಡಿದರು’ ಅಂತ ಒಂದೇ ಉಸಿರಲ್ಲಿ ಹೇಳಿದ್ದನ್ನು ಕೇಳಿದ್ದೀರಾ? ಕೇಳಿದ್ದರೆ ಯಾವ ಊರು, ಯಾವ ಗದ್ದೆಯ ಮಾತು ಅಂತಲೂ ದಯವಿಟ್ಟು ಬರೆಯಿರಿ.